ಹೊರಡುವ ಗಳಿಗೆಗೆ ಎರಡು ಚೀಲ: ಮನೆಯವರಿಗೊಂದು, ಹಸುವಿಗೊಂದು



2024ನೇ ಇಸವಿ ಜುಲೈ 30ರ ಬೆಳಗಿನ ಜಾವಕ್ಕೆ ಮುನ್ನ ವಯನಾಡಿನ ಮುಂಡಕೈ, ಚೂರಲ್‌ಮಲೆ ಊರುಗಳ ಮೇಲೆ ಗುಡ್ಡ ಕುಸಿದ ಸಂಗತಿ ತಮಗೆ ತಿಳಿದೇ ಇದೆ. ಕೂಲಿಗೆಂದು ನಮ್ಮ ಜಿಲ್ಲೆಯಿಂದ ಹೋಗಿ ಅಲ್ಲಿ ನೆಲೆಸಿದ್ದವರೂ ಪ್ರಾಣ ಕಳೆದುಕೊಂಡರು. ಅದೇ ರಾತ್ರಿ ಚಾಮರಾಜನಗರ ಮೂಲದ ಒಂದು ಕುಟುಂಬವನ್ನು ಕೊಟ್ಟಿಗೆಯ ಹಸು ಕೂಗಿ ಎಬ್ಬಿಸಿತೆಂದೂ, ಅವರು ಉಟ್ಟ ಬಟ್ಟೆಯಲ್ಲೇ ಎತ್ತರಕ್ಕೆ ಓಡಿ ಉಳಿದುಕೊಂಡರೆಂದೂ ಪತ್ರಿಕೆಗಳಲ್ಲಿ ಬಂದಿತ್ತು. ಹಸು ಸಾಕಿದ ನಮಗೆ ಇದು ನಂಬಲಾಗದ ಮಾತೇನಲ್ಲ. ನಮಗಿಂತ ಮೊದಲು ಅವಕ್ಕೆ ತಿಳಿಯುತ್ತದೆ.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ನೆರೆಯಿರಲಿ, ಬೆಂಕಿಯಿರಲಿ, "ಈಗಲೇ ಮನೆ ಬಿಡಿ" ಎಂದು ಬಂದು ಹೇಳಿದಾಗ ಕೊನೆಯ ತನಕ ಹಿಂದೆ ಉಳಿಯುವವರು ದನ ಕಟ್ಟಿದವರೇ. ಹೆಂಗಸರು ಮಕ್ಕಳನ್ನು ಕಳಿಸಿ, "ಹಸು ಬಿಚ್ಚಿಕೊಂಡು ಬರುತ್ತೇನೆ" ಎಂದು ಯಜಮಾನ ಒಬ್ಬನೇ ಕೊಟ್ಟಿಗೆಗೆ ಹಿಂತಿರುಗುತ್ತಾನೆ. ಕತ್ತಲಲ್ಲಿ ಹಗ್ಗ ಬಿಗಿದಿರುತ್ತದೆ, ಕುಡುಗೋಲು ಸಿಗುವುದಿಲ್ಲ, ಬೆದರಿದ ಹಸು ಕಾಲು ಕೀಳುವುದಿಲ್ಲ. ಅಪಾಯವಿರುವುದು ಆ ಹತ್ತು ನಿಮಿಷದಲ್ಲಿ. ಆದುದರಿಂದ ತುರ್ತು ಚೀಲ ಎಂದರೆ ಮನೆ ಮಂದಿಯ ಬಟ್ಟೆಬರೆ ತುಂಬಿದ ಗಂಟು ಮಾತ್ರವಲ್ಲ. ಹಾಲು ಉತ್ಪಾದಕರ ಮನೆಯಲ್ಲಿ ಅದು ಎರಡು ಚೀಲವಾಗಿರಬೇಕು. ಒಂದು ಬಾಗಿಲ ಹಿಂದಿನ ಮೊಳೆಗೆ, ಇನ್ನೊಂದು ಕೊಟ್ಟಿಗೆಯ ಕಂಬಕ್ಕೆ.

ಪುಣಜನೂರಿನಂಥ ಊರಿನ ಸದಸ್ಯರನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇವೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ ರಾಜ್ಯದ ಗಡಿಗೆ ಹತ್ತಿರವಿರುವ, ಬಿಳಿಗಿರಿರಂಗನ ಬೆಟ್ಟದ ಕಾಡು ಸುತ್ತುವರಿದ ಊರು ಅದು. ಶಿವರಾತ್ರಿಯ ಹೊತ್ತಿನಿಂದ ಮುಂಗಾರು ಪೂರ್ವ ಮಳೆ ಬೀಳುವವರೆಗೆ ಅಲ್ಲಿ ಕಾಳ್ಗಿಚ್ಚಿನ ಭಯ. ಒಣಗಿದ ಲಂಟಾನ ಪೊದೆ, ಹುಲ್ಲು, ಬಿದಿರು ಎಲ್ಲವೂ ಒಂದು ಬೀಡಿ ತುಂಡಿಗೆ ಕಾದಿರುತ್ತವೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡು ಸಾವಿರಾರು ಎಕರೆ ಸುಟ್ಟು, ಬೆಂಕಿ ಆರಿಸಲು ವಾಯುಪಡೆಯ ಹೆಲಿಕಾಪ್ಟರಿನಿಂದ ನೀರು ಸುರಿಯಬೇಕಾಯಿತು. ಇನ್ನು ಮಳೆಯ ಮಾತು. 2022ರಲ್ಲಿ ಸುವರ್ಣಾವತಿ ಉಕ್ಕಿ ಯಳಂದೂರು ತಾಲ್ಲೂಕಿನ ಊರುಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಕೊಳ್ಳೇಗಾಲ ತಾಲ್ಲೂಕಿನ ಕಾವೇರಿ ದಂಡೆಯ ದಾಸನಪುರ ಮೊದಲಾದ ಊರಿನವರಂತೂ 2018, 2019, ಮತ್ತೆ 2024ರಲ್ಲಿ ಮನೆ ಬಿಟ್ಟು ಹೋಗಬೇಕಾಯಿತು. ನದಿ ದಂಡೆಯವರಿಗೆ ಒಂದು ಅನುಕೂಲವಿದೆ. ಅಣೆಕಟ್ಟೆಯಿಂದ ನೀರು ಬಿಡುವ ಮುನ್ನ ಎಚ್ಚರಿಕೆ ಬರುತ್ತದೆ, ಕೆಲವು ಗಂಟೆಗಳ ಕಾಲಾವಕಾಶ ಸಿಗುತ್ತದೆ. ಕಾಡಂಚಿನವರಿಗೆ ಗಾಳಿ ತಿರುಗಿದರೆ ಆ ಅವಕಾಶವೂ ಇಲ್ಲ.

ಮನೆಯ ಚೀಲ

ಇದಕ್ಕಾಗಿ ಹೊಸ ಬ್ಯಾಗು ಕೊಳ್ಳಬೇಕಾಗಿಲ್ಲ. ಪಶು ಆಹಾರದ ಖಾಲಿ ಚೀಲವೊಂದನ್ನು ಒಗೆದು ಒಣಗಿಸಿ, ಬಾಯಿಗೆ ದಾರ ಪೋಣಿಸಿ, ಬೆನ್ನಿಗೆ ಹಾಕಿಕೊಳ್ಳಲು ಎರಡು ಪಟ್ಟಿ ಹೊಲಿಸಿದರೆ ಸಾಕು. ಎರಡು ಕೈಯೂ ಬಿಡುವಾಗಿರಬೇಕೆಂಬುದು ಮುಖ್ಯ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಕಣ್ಣಿ ಹಗ್ಗ ಇರುತ್ತದೆ. ಮನೆಯ ಹೆಣ್ಣುಮಗಳು ಹೊತ್ತು ನಡೆಯಲಾಗದಷ್ಟು ಭಾರವಾದರೆ ಅದು ತುರ್ತು ಚೀಲವಲ್ಲ, ಮೂಟೆ.

ಒಳಗೆ ಮೊದಲು ಕಾಗದಪತ್ರ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಹಣಿ, ಸಂಘದ ಹಾಲಿನ ಪಾಸ್‌ಬುಕ್ಕು, ಮಕ್ಕಳ ಅಂಕಪಟ್ಟಿ. ಇವುಗಳ ನಕಲು ಪ್ರತಿ ಸದಾ ಚೀಲದಲ್ಲೇ ಇರಲಿ. ಮೂಲ ಪತ್ರಗಳು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ, ಒಂದೇ ಜಾಗದಲ್ಲಿ, ಕೈಗೆಟಕುವಂತಿರಲಿ. ಒಂದು ಪತ್ರ ಟ್ರಂಕಿನಲ್ಲಿ, ಇನ್ನೊಂದು ದೇವರ ಪಟದ ಹಿಂದೆ, ಮತ್ತೊಂದು ಅಟ್ಟದಲ್ಲಿ ಎಂದಾದರೆ ಹುಡುಕಲು ಹೊತ್ತು ಸಾಲದು. ಬಂಧುಗಳ, ಸಂಘದ ಕಾರ್ಯದರ್ಶಿಯವರ, ಪಶುವೈದ್ಯರ ಫೋನ್ ನಂಬರುಗಳನ್ನು ಕಾಗದದ ಮೇಲೆ ಬರೆದಿಡಿ. ಮೊಬೈಲ್ ಸತ್ತುಹೋದರೆ ನೆನಪಿನಲ್ಲಿ ಉಳಿಯುವ ನಂಬರು ಒಂದೋ ಎರಡೋ. ನೂರು, ಐವತ್ತು, ಇಪ್ಪತ್ತರ ನೋಟುಗಳಾಗಿ ಒಂದಿಷ್ಟು ಹಣವಿರಲಿ. ಕರೆಂಟಿಲ್ಲದ ಊರಿನಲ್ಲಿ ಫೋನಿನ ಹಣ ನಡೆಯುವುದಿಲ್ಲ.

ತಿನ್ನುವುದಕ್ಕೆ ಬೇಯಿಸಬೇಕಾದ ಪದಾರ್ಥ ಬೇಡ. ರಾಗಿ ಹುರಿಹಿಟ್ಟು, ಬೆಲ್ಲ, ಹುರಿಗಡಲೆ ಇಷ್ಟಿದ್ದರೆ ಎರಡು ದಿನ ಹೊಟ್ಟೆ ನಿಲ್ಲುತ್ತದೆ. ತಲೆಗೆ ಎರಡು ಲೀಟರಿನಂತೆ ಕುಡಿಯುವ ನೀರು ಬೇಕು. ವಯಸ್ಸಾದವರ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವಾರಕ್ಕಾಗುವಷ್ಟು ಚೀಟಿಯ ಸಮೇತ ಇಡಿ. ಟಾರ್ಚು ಮತ್ತು ಸೆಲ್ಲು, ಬೆಂಕಿಪೊಟ್ಟಣ, ಮೊಬೈಲ್ ಚಾರ್ಜರು, ಒಂದೊಂದು ಜೊತೆ ಬಟ್ಟೆ, ಒಂದು ಕಂಬಳಿ, ಹೆಂಗಸರಿಗೆ ಬೇಕಾದ ಬಟ್ಟೆ ಇವೂ ಇರಲಿ. ಬೆಂಕಿಯ ಕಾಲದಲ್ಲಿ ಹತ್ತಿಯ ಟವೆಲ್ಲುಗಳು ಬಹಳ ಉಪಯೋಗ. ನೆನೆಸಿ ಮೂಗು ಬಾಯಿಗೆ ಕಟ್ಟಿಕೊಳ್ಳಬಹುದು. ನೈಲಾನ್ ಸೀರೆ, ಪಾಲಿಯೆಸ್ಟರ್ ಅಂಗಿ ಶಾಖಕ್ಕೆ ಕರಗಿ ಮೈಗೆ ಅಂಟುವುದರಿಂದ ಅವನ್ನು ಉಟ್ಟು ಬೆಂಕಿಯ ಹತ್ತಿರ ಹೋಗಕೂಡದು.

ಕೊಟ್ಟಿಗೆಯ ಚೀಲ

ಇದರಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕಾದ್ದು ಹರಿತವಾದ ಕುಡುಗೋಲು. ಅದನ್ನು ಹುಲ್ಲು ಕೊಯ್ಯಲು ತೆಗೆದುಕೊಂಡು ಹೋಗಬಾರದು, ಕೊಟ್ಟಿಗೆಗೆಂದೇ ಬೇರೆ ಇರಬೇಕು. ಅದರ ಜೊತೆಗೆ ಹಸುವಿಗೊಂದರಂತೆ ಬಿಡಿ ಹಗ್ಗ, ಒಂದು ಬಕೆಟ್ಟು, ಹಾಲು ಕರೆಯುವ ಪಾತ್ರೆ, ಖನಿಜ ಮಿಶ್ರಣದ ಪೊಟ್ಟಣ, ಪೊಟ್ಯಾಸಿಯಂ ಪರ್ಮಾಂಗನೇಟ್, ಅರಿಸಿನ, ಬೇವಿನೆಣ್ಣೆ, ಅಡುಗೆ ಸೋಡಾ.

ಹಸುಗಳ ಕಾಗದವನ್ನೂ ಇಲ್ಲೇ ಇಡಿ. ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ವಿಮೆಯ ಪತ್ರ, ಕಾಲುಬಾಯಿ ಜ್ವರ ಮತ್ತು ಗಳಲೆ ರೋಗದ ಲಸಿಕೆ ಹಾಕಿಸಿದ ದಿನಾಂಕ, ಮತ್ತು ಓಲೆ ಕಾಣುವಂತೆ ತೆಗೆದ ಹಸುವಿನ ಒಂದು ಫೋಟೋ. ಓಲೆ ಕಿತ್ತುಹೋಗಿದ್ದರೆ ಈ ವಾರವೇ ಮತ್ತೆ ಹಾಕಿಸಿ. ಓಲೆ ಇಲ್ಲದ ಹಸುವಿಗೆ ವಿಮೆಯ ಹಣ ಕೇಳುವುದು ಕಷ್ಟ. ಲಸಿಕೆಯ ವಿವರ ಏಕೆಂದರೆ, ಹತ್ತು ಊರಿನ ದನ ಒಂದೇ ಕಡೆ ಸೇರಿದಾಗ ಕಾಲುಬಾಯಿ ಜ್ವರ ಸುಲಭವಾಗಿ ಹರಡುತ್ತದೆ.

ಇನ್ನು ಗಂಟಿನ ವಿಷಯ. ಇದು ಚೀಲದಲ್ಲಿ ಹಿಡಿಯುವ ವಸ್ತುವಲ್ಲ, ಆದರೆ ಚೀಲಕ್ಕಿಂತ ದೊಡ್ಡದು. ಗೂಟಕ್ಕೆ ಹಾಕುವ ಗಂಟು, ಬಿಡಿ ತುದಿಯನ್ನು ಎಳೆದೊಡನೆ ಬಿಚ್ಚಿಕೊಳ್ಳುವ ಜಾರುಗಂಟಾಗಿರಬೇಕು. ಕಬ್ಬಿಣದ ಸರಪಣಿ ಹಾಕಿ ಬೀಗ ಜಡಿಯುವವರೂ ಇದ್ದಾರೆ. ಕಳ್ಳರ ಭಯ ನಮಗೆ ಗೊತ್ತಿದೆ. ಆದರೆ ಬೆಂಕಿಯಲ್ಲಿ ಸರಪಣಿ ಕಾಯುತ್ತದೆ, ಕತ್ತರಿಸಲಾಗದು, ಬೀಗದ ಕೈ ಸಿಗದು. ನೆರೆಯಲ್ಲಿ ಬಿಟ್ಟ ದನ ಈಜಿ ದಡ ಸೇರಬಹುದು, ಕಟ್ಟಿದ ದನ ಸೇರಲಾರದು. ಹೊಡೆದುಕೊಂಡು ಹೋಗಲು ಸಮಯವೇ ಇಲ್ಲವೆಂದಾದರೆ ಹಗ್ಗ ಕೊಯ್ದು, ಬಾಗಿಲು ತೆರೆದು, ಹೊರಗಟ್ಟಿ, ನೀವು ಹೊರಟುಬಿಡಿ. "ಕಾಡಿಗೆ ಬಿಟ್ಟರೆ ಹುಲಿ ಹಿಡಿಯುವುದಿಲ್ಲವೇ?" ಎಂದು ಕಾಡಂಚಿನ ಸದಸ್ಯರು ಕೇಳುತ್ತಾರೆ. ಹಿಡಿಯಬಹುದು, ಹಿಡಿಯದೆಯೂ ಇರಬಹುದು. ಉರಿಯುವ ಕೊಟ್ಟಿಗೆಯಲ್ಲಿ ಕಟ್ಟಿದ್ದು ಮಾತ್ರ ಉಳಿಯುವುದಿಲ್ಲ.

ಸಮಯವಿದ್ದರೆ ಮೊದಲು ಕರುವನ್ನು ಹೊರಗೆ ತನ್ನಿ, ತಾಯಿ ತಾನೇ ಹಿಂದೆ ಬರುತ್ತದೆ. ದಿನವೂ ಮುಂದೆ ನಡೆಯುವ ಹಸುವನ್ನು ಮುಂದಕ್ಕೆ ಬಿಡಿ. ಹೊರಗೆ ಬಂದ ಮೇಲೆ ಕೊಟ್ಟಿಗೆಯ ಬಾಗಿಲು ಮುಚ್ಚಲು ಮರೆಯಬೇಡಿ, ಬೆದರಿದ ಹಸು ಅಭ್ಯಾಸದಂತೆ ಒಳಕ್ಕೇ ನುಗ್ಗುವುದುಂಟು.

ಹೋಗುವುದೆಲ್ಲಿಗೆ ಎಂಬುದನ್ನು ಈಗಲೇ ತೀರ್ಮಾನಿಸಿ. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಬೇಗ ಓಡುತ್ತದೆ, ಆದುದರಿಂದ ಗುಡ್ಡ ಹತ್ತಕೂಡದು. ಉತ್ತ ಹೊಲ, ಮೇದು ಬರಿದಾದ ಬಯಲು, ಕೆರೆಯಂಗಳ ಕ್ಷೇಮ. ನೀರಾದರೆ ಇದಕ್ಕೆ ತಿರುಗುಮುರುಗು, ಎತ್ತರವೇ ಗತಿ. ಪುಣಜನೂರಿನವರು ದಾರಿಯ ಬಗ್ಗೆ ಒಂದು ಮಾತು ಗಮನಿಸಬೇಕು. ಗಡಿಯಾಚೆ ಕಾರಪಳ್ಳಂನಿಂದ ಬಣ್ಣಾರಿಯವರೆಗೆ 2022ರ ಫೆಬ್ರುವರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಹಾಕಲಾಯಿತು. ಅತ್ತ ನೆಂಟರಿದ್ದರೂ ಅದನ್ನು ನೆಚ್ಚದೆ ಚಾಮರಾಜನಗರದ ಕಡೆಗೇ ಯೋಚಿಸುವುದು ಒಳ್ಳೆಯದು.

ತಲುಪಿದ ಮೇಲೆ

ಕಾಳಜಿ ಕೇಂದ್ರದಲ್ಲೇ ಆಗಲಿ, ನೆಂಟರ ಹಿತ್ತಲಲ್ಲೇ ಆಗಲಿ, ಕರೆಯುವ ಹೊತ್ತು ತಪ್ಪಿಸಬೇಡಿ. ಹಾಲು ಕೊಳ್ಳುವವರಿಲ್ಲದಿದ್ದರೂ ಕರೆದು ಕೆಚ್ಚಲು ಖಾಲಿ ಮಾಡಲೇಬೇಕು, ಇಲ್ಲದಿದ್ದರೆ ಕೆಚ್ಚಲು ಬಾವು ಹಿಡಿಯುತ್ತದೆ. ಯಂತ್ರದಲ್ಲಿ ಕರೆಸಿಕೊಂಡು ಅಭ್ಯಾಸವಾದ ಸೀಮೆಹಸುಗಳನ್ನು ಆಗಾಗ ಕೈಯಲ್ಲಿ ಕರೆದು ರೂಢಿ ಮಾಡಿಸಿರಿ. ಕೆಸರಿನಲ್ಲಿ ನಿಂತ ಹಸುವಿನ ಕೆಚ್ಚಲನ್ನು ಪರ್ಮಾಂಗನೇಟ್ ನೀರಿನಲ್ಲಿ ತೊಳೆದು ಒರೆಸಿದ ಬಳಿಕವೇ ಕರೆಯಿರಿ. ಪುಡಿ ಒಂದು ಚಿಟಿಕೆಗೆ ಮೀರಬಾರದು, ನೀರು ತಿಳಿ ಗುಲಾಬಿ ಬಣ್ಣಕ್ಕೆ ಬಂದರೆ ಸಾಕು.

ಅದಕ್ಕಿಂತ ಹೆಚ್ಚು ಎಚ್ಚರ ಬೇಕಾದ್ದು ಮೇವಿನಲ್ಲಿ. ಇಂಥ ಕಡೆ ಜನರಿಗೆ ಮಾಡಿದ ಅನ್ನ ಮಿಗುತ್ತದೆ. ಹಸಿದ ಹಸುವಿನ ಮುಂದೆ ಕರುಣೆಯಿಂದ ಒಂದು ಬುಟ್ಟಿ ಅನ್ನ ಸುರಿಯುತ್ತಾರೆ. ಅದು ಹೊಟ್ಟೆಯಲ್ಲಿ ಹುಳಿಯಾಗಿ, ಹಸು ಮೆಲುಕು ನಿಲ್ಲಿಸಿ, ಒಂದೆರಡು ದಿನದಲ್ಲಿ ಸಾಯಬಹುದು. ಬೆಂಕಿಯಿಂದ ಉಳಿಸಿ ತಂದ ಹಸು ಅನ್ನದಿಂದ ಹೋಗಬಾರದು. ಒಣ ಹುಲ್ಲು ಮತ್ತು ಶುದ್ಧ ನೀರು, ಮೊದಲ ದಿನ ಇಷ್ಟೇ ಸಾಕು. ಯಾರಾದರೂ ಅನ್ನ ಹಾಕಿಬಿಟ್ಟಿದ್ದರೆ ಕೂಡಲೇ ವೈದ್ಯರನ್ನು ಕೇಳಿ ಅವರು ಹೇಳಿದ ಪ್ರಮಾಣದಲ್ಲಿ ಅಡುಗೆ ಸೋಡಾ ಕುಡಿಸಿರಿ. ಚೀಲದಲ್ಲಿ ಸೋಡಾ ಇಟ್ಟಿರುವುದು ಇದಕ್ಕೇ. ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077, ಯಾವುದೇ ತುರ್ತಿಗೆ 112.

ಒಂದು ವೇಳೆ ಹಸು ಸತ್ತೇ ಹೋದರೆ, ಪಶುವೈದ್ಯರು ಮತ್ತು ಗ್ರಾಮ ಆಡಳಿತಾಧಿಕಾರಿ ಬಂದು ನೋಡುವ ಮೊದಲು ಹೂಳಬೇಡಿ. ವಿಕೋಪ ಪರಿಹಾರ ನಿಧಿಯ 2022-23ರಿಂದ 2025-26ರವರೆಗಿನ ನಿಯಮದಂತೆ ಕರೆಯುವ ಹಸು, ಎಮ್ಮೆಗೆ ತಲಾ 37,500 ರೂಪಾಯಿ, ಒಂದು ಕುಟುಂಬಕ್ಕೆ ಮೂರರವರೆಗೆ ಎಂದಿದೆ. ಈಗಿನ ಹಸುವಿನ ಬೆಲೆಗೆ ಅದು ಸಾಲದೆಂಬುದು ನಿಜ. ಆದರೆ ಮರಣೋತ್ತರ ಪರೀಕ್ಷೆಯ ವರದಿ ಇಲ್ಲದಿದ್ದರೆ ಅದಕ್ಕೂ ದಾರಿಯಿಲ್ಲ.

ಕಟ್ಟಿಟ್ಟ ಚೀಲ ಹಾಗೆಯೇ ವರ್ಷಗಟ್ಟಲೆ ನೇತಾಡಿದರೆ ಹುರಿಹಿಟ್ಟಿಗೆ ಹುಳು ಬೀಳುತ್ತದೆ, ಸೆಲ್ಲು ಸೋರುತ್ತದೆ, ಮಾತ್ರೆಯ ಅವಧಿ ಮುಗಿಯುತ್ತದೆ. ತಿಂಗಳ ಮೊದಲ ಬಟವಾಡೆಯ ದಿನ ಹಾಲಿನ ದುಡ್ಡು ಕೈಗೆ ಬಂದಾಗ ಚೀಲ ಇಳಿಸಿ ನೋಡಿ. ಹಳೆಯ ಹುರಿಹಿಟ್ಟನ್ನು ಮಕ್ಕಳಿಗೆ ಬೆಲ್ಲ ಹಾಕಿ ಕಲಸಿಕೊಟ್ಟು, ಹೊಸದನ್ನು ತುಂಬಿಡಿ. ಕುಡುಗೋಲನ್ನೂ ಅಂದೇ ಒಮ್ಮೆ ಸಾಣೆ ಹಿಡಿಯಿರಿ.