ಮುಖವರ್ಣನೆಯಿಲ್ಲದ ತಾಯಿ

ತುಂಗಭದ್ರೆಯ ತಡಿಯ ಹರಿಹರವೆಂದೊಡನೆ ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯವು ಕಣ್ಣಮುಂದೆ ಬಂದು ನಿಲ್ಲುವುದು ಸಹಜವೇ ಸರಿ. ಆದರೆ ಅದೇ ಊರಿಗೆ ಪ್ರತಿವರ್ಷವೂ ಸೆಪ್ಟೆಂಬರ್ 8ರಂದು, ದಾವಣಗೆರೆಯಿಂದಲೂ ಸುತ್ತಣ ಜಿಲ್ಲೆಗಳಿಂದಲೂ, ಕ್ರೈಸ್ತರೆನ್ನದೆ ಅನ್ಯಮತೀಯರೆನ್ನದೆ, ಸಾವಿರಾರು ಮಂದಿ ಆರೋಗ್ಯಮಾತೆಯ ಹಬ್ಬಕ್ಕೆಂದು ಬಂದು ನೆರೆಯುತ್ತಾರೆ. ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಇಲ್ಲಿನ ಆರೋಗ್ಯಮಾತೆಯ ಚರ್ಚಿಗೆ ಪೋಪ್ ಫ್ರಾನ್ಸಿಸರು 2019ರಲ್ಲಿ ಕಿರಿಯ ಬೆಸಿಲಿಕದ ಗೌರವವನ್ನು ದಯಪಾಲಿಸಿದರು. ಹಬ್ಬವೆಂದ ಮೇಲೆ ಹೊಸ ಬಟ್ಟೆ, ಮುಡಿ ತುಂಬ ಹೂವು, ಪೆಟ್ಟಿಗೆಯಿಂದ ಹೊರಬಂದ ಬಂಗಾರ ಇವೆಲ್ಲ ಇದ್ದೇ ಇರುತ್ತವೆ; ಇರಲಿ, ಅದರಲ್ಲಿ ದೋಷವೇನೂ ಇಲ್ಲ. ನನ್ನನ್ನು ಚಿಂತನೆಗೆ ಹಚ್ಚುವ ಸಂಗತಿ ಬೇರೆ. ಇಷ್ಟೊಂದು ಜನ ಯಾವ ತಾಯಿಯ ಸನ್ನಿಧಿಗೆ ಬರುತ್ತಾರೆಯೋ ಆ ತಾಯಿಯ ರೂಪವನ್ನು ಕುರಿತು ನಾಲ್ಕು ಸುವಾರ್ತೆಗಳಲ್ಲಿ ಒಂದು ಮಾತೂ ಇಲ್ಲ.

ಆರೋಗ್ಯಮಾತೆಯೆಂದು ಕರೆಸಿಕೊಳ್ಳುವ, ಯೇಸುವಿನ ತಾಯಿ ಮರಿಯಮ್ಮ ಕಪ್ಪಗಿದ್ದಳೋ ಬೆಳ್ಳಗಿದ್ದಳೋ, ಎತ್ತರವೋ ಗಿಡ್ಡವೋ, ಸುವಾರ್ತಾಕಾರರು ಹೇಳುವುದಿಲ್ಲ; ಯೇಸುಸ್ವಾಮಿಯ ಮುಖಲಕ್ಷಣವನ್ನೂ ಅವರು ಬರೆದಿಡಲಿಲ್ಲ. ಐದನೆಯ ಶತಮಾನದಲ್ಲಿ ಸಂತ ಅಗಸ್ಟೀನನು ತ್ರಿತ್ವವನ್ನು ಕುರಿತ ತನ್ನ ಮಹಾಗ್ರಂಥದಲ್ಲಿ ಈ ವಿಷಯವನ್ನೆತ್ತಿ, ಆಕೆಯ ಮುಖ ಹೇಗಿತ್ತೆಂಬುದನ್ನು ನಾವರಿಯೆವು, ಅರಿಯದಿದ್ದರೂ ವಿಶ್ವಾಸಕ್ಕೆ ಕೊರತೆಯಿಲ್ಲವೆಂಬ ಅಭಿಪ್ರಾಯವನ್ನು ಸೂಚಿಸಿದ್ದಾನೆ. ಸುವಾರ್ತೆಗಳು ನಮಗೆ ತೋರಿಸುವುದು ಆಕೆಯ ನಡೆಯನ್ನು. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದುಹೋಗಿದೆ. ಪಂಕ್ತಿ ಕುಳಿತ ಹೊತ್ತಿನಲ್ಲಿ ಪದಾರ್ಥ ತೀರಿಹೋದರೆ ಮದುವೆಮನೆಯವರ ಪಾಡೇನೆಂಬುದನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಆ ಕೊರತೆಯನ್ನು ಆಕೆ ಗಮನಿಸಿ, ಗುಲ್ಲೆಬ್ಬಿಸದೆ ಮಗನಿಗೆ ತಿಳಿಸಿ, ಅವನು ಹೇಳಿದಂತೆ ಮಾಡಿರೆಂದು ಆಳುಗಳಿಗೆ ನುಡಿದು ಹಿಂದೆ ಸರಿಯುತ್ತಾಳೆ. ಪರರ ಮಾನವನ್ನು ಕಾಯುವ ಈ ಕಣ್ಣೇ ಕ್ರೈಸ್ತಧರ್ಮವು ಅಂತಸ್ಸೌಂದರ್ಯವೆಂದು ಕರೆಯುವುದರ ತಿರುಳೆಂಬುದು ನನ್ನ ದೃಢವಾದ ನಂಬಿಕೆ. ಅದು ಎದೆಯೊಳಗೆ ಹುಟ್ಟಿ ಕೈಕೆಲಸದಲ್ಲಿ ಕಾಣಿಸಿಕೊಳ್ಳುವಂಥದು.

ಇತ್ತ ದಾವಣಗೆರೆಯಾದರೋ ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು. ಮದುವೆಯ ಜವಳಿಗೆ ಸುತ್ತಮುತ್ತಣ ಹಳ್ಳಿಗಳವರು ಇಂದಿಗೂ ಇಲ್ಲಿಗೆ ಬರುತ್ತಾರೆ. ಅಂಗಡಿಯ ಹಾಸಿನ ಮೇಲೆ ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿ ಹರವಿ, ಮದುವಣಗಿತ್ತಿಯ ಹೆಗಲಿಗೆ ಸೆರಗು ಹಾಕಿ ಕನ್ನಡಿಯೆದುರು ನಿಲ್ಲಿಸಿದಾಗ, ಬಳಗದ ಹಿರಿಯಳೊಬ್ಬಳು, “ಇದು ಬ್ಯಾಡ ಬಿಡವ್ವ, ನಿನ್ನ ಮೈಬಣ್ಣಕ್ಕೆ ಒಪ್ಪಂಗಿಲ್ಲ” ಎಂದುಬಿಡುವುದುಂಟು. ಹೆಣ್ಣು ನೋಡಿ ಹೊರಟವರು ಬಾಗಿಲು ದಾಟುವ ಮೊದಲೇ, “ಹುಡುಗಿ ಲಕ್ಷಣ ಅದಾಳೆ, ಬಣ್ಣ ಒಂಚೂರು ಕಮ್ಮಿ” ಎಂದು ಪಿಸುಗುಟ್ಟುವುದೂ ಉಂಟು. ಒಳಗಿರುವ ಹುಡುಗಿಗೆ ಅದು ಕೇಳಿಸಿಯೇ ಕೇಳಿಸುತ್ತದೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ತನ್ನ ಹೆಸರನ್ನು ಬದಲಿಸಿಕೊಂಡಿತು. ಮನೆಮನೆಯ ಮಾತು ಬದಲಾಗಲಿಲ್ಲ. ಭಾನುವಾರದ ಪೂಜೆಯನ್ನು ತಪ್ಪಿಸದ ಕ್ರೈಸ್ತ ಕುಟುಂಬಗಳೂ ಇದಕ್ಕೆ ಹೊರತಲ್ಲವೆಂಬುದು ದುಃಖದ ಸಂಗತಿ. ಅವರ ಬೈಬಲಿನ ಪರಮಗೀತದ ನಾಯಕಿಯೇ ತನ್ನ ಕಪ್ಪುಬಣ್ಣವನ್ನೂ ಚೆಲುವನ್ನೂ ಒಂದೇ ಉಸಿರಿನಲ್ಲಿ, ತಲೆಯೆತ್ತಿ ಹೇಳಿಕೊಳ್ಳುತ್ತಾಳಲ್ಲವೆ!

ಅರಸನನ್ನು ಆರಿಸಲೆಂದು ಬೆತ್ಲೆಹೇಮಿಗೆ ಹೋದ ಪ್ರವಾದಿ ಸಮುವೇಲನೂ ಮೊದಲು ಎಡವಿದ್ದು ಇಲ್ಲಿಯೇ. ಇಷಯನ ಹಿರಿಯ ಮಗ ಎಲೀಯಾಬನ ಎತ್ತರವನ್ನೂ ಮೈಕಟ್ಟನ್ನೂ ಕಂಡು ಇವನೇ ಇರಬೇಕೆಂದುಕೊಂಡ ಆ ವೃದ್ಧನಿಗೆ, ಮನುಷ್ಯನು ಹೊರಗಣದನ್ನು ನೋಡಿದರೆ ದೇವರು ಹೃದಯವನ್ನು ನೋಡುವನೆಂಬ ಎಚ್ಚರಿಕೆ ದೊರೆಯಿತು. ಏಳು ಮಂದಿ ಮಕ್ಕಳು ಎದುರಿಗೆ ಹಾದುಹೋದ ಮೇಲೆ, ಮನೆಯವರು ಕರೆಯುವ ಗೋಜಿಗೂ ಹೋಗದೆ ಕುರಿ ಕಾಯಲು ಬಿಟ್ಟಿದ್ದ ಕಿರಿಯವನನ್ನು ಹೊಲದಿಂದ ಕರೆಸಬೇಕಾಯಿತು. ಗ್ರಂಥಕರ್ತನ ಪ್ರಾಮಾಣಿಕತೆ ಮೆಚ್ಚತಕ್ಕದ್ದು: ಆ ದಾವೀದನೂ ಕೆಂಬಣ್ಣದ, ಸುಂದರ ನೇತ್ರಗಳ ಹುಡುಗನೆಂಬುದನ್ನು ಆತ ಮರೆಯದೆ ಬರೆದಿದ್ದಾನೆ. ಚೆಲುವು ದೇವರ ಕೊಡುಗೆ. ಅದನ್ನು ಹಳಿಯುವುದು ಧರ್ಮವಲ್ಲ. ಆದರೆ ಅದೇ ದಾವೀದನ ಮಗ ಅಬ್ಷಾಲೋಮನು, ಅಡಿಯಿಂದ ಮುಡಿಯವರೆಗೆ ಒಂದು ಕಳಂಕವೂ ಇಲ್ಲದ ರೂಪವಂತ, ಕತ್ತರಿಸಿದ ಕೂದಲನ್ನು ತೂಗಿ ನೋಡುವಷ್ಟು ಕೇಶಸಂಪತ್ತುಳ್ಳವನು, ತಂದೆಯ ಮೇಲೆಯೇ ದಂಡೆದ್ದು, ಕೊನೆಗೆ ಮರದ ಕೊಂಬೆಗೆ ತಲೆ ಸಿಕ್ಕಿ ತಂದೆಯ ಸೇನಾಪತಿಯಿಂದ ಹತನಾದನು.

ಜಡೆ, ಬಂಗಾರ, ಉಡುಗೆಗಳಿಗಿಂತ ಸಾತ್ತ್ವಿಕವಾದ ಶಾಂತ ಮನಸ್ಸೇ ನಿಮ್ಮ ಭೂಷಣವಾಗಲಿ ಎಂಬ ಅರ್ಥದ ಉಪದೇಶ ಪೇತ್ರನ ಮೊದಲನೆಯ ಪತ್ರಿಕೆಯಲ್ಲಿದೆ. ಇದನ್ನು ಹಿಡಿದು ಹೆಣ್ಣುಮಕ್ಕಳ ಬಳೆಯನ್ನೂ ಹೂವನ್ನೂ ಆಕ್ಷೇಪಿಸುವವರಿದ್ದಾರೆ. ನಿಷೇಧವೆಂದೇ ಓದುವುದಾದರೆ ಉಡುಗೆಯನ್ನೂ ತೊರೆಯಬೇಕಾದೀತು! ಅಲ್ಲಿರುವುದು ಯಾವುದು ಮುಖ್ಯ, ಯಾವುದು ಗೌಣ ಎಂಬ ತಾರತಮ್ಯ ಮಾತ್ರ. ಗಂಡಸರು ಓದಬೇಕಾದ ಪತ್ರಿಕೆ ಯಾಕೋಬನದು. ಚಿನ್ನದುಂಗುರದವನು ಸಭೆಗೆ ಬಂದರೆ ಒಳ್ಳೆಯ ಆಸನ, ಕೊಳೆಬಟ್ಟೆಯ ಬಡವನು ಬಂದರೆ ಅಲ್ಲೇ ನಿಲ್ಲೆಂಬ ಮಾತು, ಇಂಥ ಪಕ್ಷಪಾತವನ್ನು ಅವನು ನೇರವಾಗಿಯೇ ಖಂಡಿಸುತ್ತಾನೆ. ನಾಲ್ಕನೆಯ ಶತಮಾನದ ಅಂತ್ಯದಲ್ಲಿ ಅಂತಿಯೋಕ್ಯದ ಉಪದೇಶಕ ಕ್ರಿಸೋಸ್ಟೋಮನು ಇನ್ನೂ ಮುಂದೆ ಹೋಗಿ, ಗುಡಿಯೊಳಗೆ ಕ್ರಿಸ್ತನಿಗೆ ರೇಷ್ಮೆ ಹೊದಿಸಿ ಹೊರಗೆ ಬಡವನ ರೂಪದಲ್ಲಿ ಚಳಿಗೆ ನಡುಗುವ ಅದೇ ಕ್ರಿಸ್ತನನ್ನು ಕಡೆಗಣಿಸುವ ಭಕ್ತಿ ಯಾತರದೆಂದು ಕೇಳಿದ್ದನು.

ಹರಿಹರದ ಹಬ್ಬಕ್ಕೆ ಹೋಗುವವರಲ್ಲಿ ನನ್ನ ಬಿನ್ನಹವಿಷ್ಟೆ. ಹೊಸ ಬಟ್ಟೆಯನ್ನು ಸಂತೋಷದಿಂದಲೇ ಉಡಿರಿ; ಹರಕು ಸೀರೆಯ ಮುದುಕಿಯೊಬ್ಬಳು ನಿಂತಿದ್ದರೆ ಬೆಂಚಿನಲ್ಲಿ ಸರಿದು ಜಾಗ ಕೊಡಿರಿ; ಮುಂದೆ ನಿಮ್ಮ ಮನೆಯಲ್ಲಿ ಮದುವೆಯ ಮಾತುಕತೆಗೆ ಕುಳಿತಾಗ ಯಾರಾದರೂ ಹುಡುಗಿಯ ಬಣ್ಣದ ಪ್ರಸ್ತಾಪವೆತ್ತಿದರೆ, ಆ ಮಾತು ಸಲ್ಲದೆಂದು ಅವಳಿಗೂ ಕೇಳಿಸುವಂತೆ ಹೇಳಿರಿ.