ಪಾರ್ಸೆಲ್ ತಲುಪಲಿಲ್ವಾ? ವಾಪಸ್ ಹೊರಡೋ ಮೊದಲೇ ಹಿಡೀರಿ

ಇಳಕಲ್ ಸೀರೆ ಕಳಿಸಿದ್ರಿ, ಕ್ಯಾಶ್ ಆನ್ ಡೆಲಿವರಿ. ಸಂಜೆ ನೋಡಿದ್ರೆ "ಗ್ರಾಹಕರು ಸಿಗಲಿಲ್ಲ" ಅಂತ ಬಂದಿದೆ.

ಗಾಬರಿ ಬೇಡ. ಸೀರೆ ಸಾಮಾನ್ಯವಾಗಿ ಇನ್ನೂ ಗ್ರಾಹಕರ ಹತ್ತಿರದ ಕೊರಿಯರ್ ಹಬ್‌ನಲ್ಲೇ ಇರುತ್ತೆ. ಕೊರಿಯರ್‌ನವರು ಸಾಮಾನ್ಯವಾಗಿ ಎರಡು-ಮೂರು ಸಲ ಹೋಗ್ತಾರೆ. ಆಮೇಲೆ ಆರ್‌ಟಿಒ, ಅಂದ್ರೆ ಮಾಲು ನಿಮ್ಮ ಬಾಗಿಲಿಗೇ ವಾಪಸ್. ನೀವೇ ಕೊರಿಯರ್ ಬುಕ್ ಮಾಡಿದ್ರೆ ಹೋಗೋ ಖರ್ಚಿನ ಜೊತೆ ಬರೋ ಖರ್ಚೂ ಬಹುಪಾಲು ನಿಮ್ಮ ತಲೆ ಮೇಲೆ.

ಅದಕ್ಕೇ ಅವತ್ತೇ ನಿಮ್ಮ ಸೆಲ್ಲರ್ ಪ್ಯಾನೆಲ್‌ನಲ್ಲಿ ಎನ್‌ಡಿಆರ್, ಅಂದ್ರೆ ತಲುಪದ ಪಾರ್ಸೆಲ್‌ಗಳ ಪಟ್ಟಿ ತೆಗೀರಿ. ಅಲ್ಲಿರೋ ಕಾರಣ ಓದಿ, ಪೂರ್ತಿ ನಂಬಬೇಡಿ. "ಮನೆ ಬೀಗ ಹಾಕಿತ್ತು" ಅಂತಿರುತ್ತೆ. ಗ್ರಾಹಕರನ್ನ ಕೇಳಿದ್ರೆ "ಅಯ್ಯೋ, ಮನೇಲೇ ಇದ್ನಲ್ಲಾ, ಫೋನೇ ಬರಲಿಲ್ಲ" ಅಂತಾರೆ! ಅವರ ನಂಬರ್ ಕಾಣಿಸಿದ್ರೆ ಕರೆ ಮಾಡಿ, ಇಲ್ಲಾಂದ್ರೆ ಪ್ಯಾನೆಲ್‌ನಿಂದಲೇ ಮೆಸೇಜ್. ಪಿನ್‌ಕೋಡ್‌ನ 6 ಅಂಕಿ ಸರಿ ಇದೆಯಾ, ಹತ್ತಿರ ದೇವಸ್ಥಾನವೋ ನೀರಿನ ಟ್ಯಾಂಕೋ ಇದೆಯಾ, ಯಾವಾಗ ಮನೇಲಿರ್ತಾರೆ, ಇಷ್ಟು ಕೇಳಿ. ಮರು ಡೆಲಿವರಿಗೆ ಹಾಕಿ. ಕೈಯಲ್ಲಿ ದುಡ್ಡಿಲ್ಲ ಅಂದ್ರೆ, ಸೌಲಭ್ಯ ಇದ್ದಲ್ಲಿ ಯುಪಿಐ.

ಬೇಡವೇ ಬೇಡ ಅಂದ್ರಾ? ಬಿಟ್ಟುಬಿಡಿ.

ವಾಪಸ್ ಬಂದ ಪಾರ್ಸೆಲ್‌ನ ಮಾತ್ರ ಹಾಗೇ ಮೂಲೆಗೆ ಎಸೀಬೇಡಿ. ಲೇಬಲ್, ಸೀಲ್ ಕಾಣೋ ಹಾಗೆ ವಿಡಿಯೋ ಶುರು ಮಾಡಿ, ನಿಲ್ಲಿಸದೆ ಬಿಚ್ಚಿ. ಸೀರೆ ಬದಲು ಹಳೇ ಬಟ್ಟೆ ಇದ್ರೆ ಕ್ಲೇಮ್‌ಗೆ ಈ ವಿಡಿಯೋನೇ ಸಾಕ್ಷಿ. ಗಡುವು ಕೆಲವೇ ದಿನ.