ಹೃದಯಕ್ಕೆ ಹಿತವಾದ ಊಟ: ಕ್ರೀಟ್ ದ್ವೀಪದ ರೈತರಿಂದ ಕಲಿಯಬಹುದಾದದ್ದು

ಹೃದ್ರೋಗ ತಜ್ಞರ ಬಳಿಗೆ ಹೋಗಿಬಂದ ಅನೇಕ ಸದ್ಭಕ್ತರು ಈಚಿನ ವರ್ಷಗಳಲ್ಲಿ 'ಮೆಡಿಟರೇನಿಯನ್ ಆಹಾರಪದ್ಧತಿ' ಎಂಬ ಹೊಸ ಮಾತೊಂದನ್ನು ಕೇಳಿಕೊಂಡು ಬರುತ್ತಿದ್ದಾರೆ. ಕೇಳಿದವರಲ್ಲಿ ಕೆಲವರು ಮನೆಗೆ ಮರಳುವಾಗಲೇ ದುಬಾರಿ ಆಲಿವ್ ಎಣ್ಣೆಯ ಬಾಟಲಿಯೊಂದನ್ನು ಕೊಂಡು, ಅದರಲ್ಲಿ ಎಂದಿನಂತೆ ಬಜಿಯನ್ನು ಕರಿಯುವುದೂ ಉಂಟು. ಮತ್ತೆ ಕೆಲವರು ಆ ಪದ್ಧತಿಯ ವಿವರಗಳಲ್ಲಿ ಮೀನು, ಮದ್ಯಗಳ ಹೆಸರು ಕಂಡೊಡನೆ 'ಇದು ನಮಗೆ ಸಲ್ಲದ್ದು' ಎಂದು ಬದಿಗಿಟ್ಟುಬಿಡುತ್ತಾರೆ. ಈ ಎರಡೂ ಬಗೆಯಿಂದ ನಷ್ಟವೇ ಹೊರತು ಲಾಭವಿಲ್ಲವೆಂದು ನಮಗೆ ತೋರುತ್ತದೆ. ಆ ಊಟದಲ್ಲಿ ನಿಜವಾಗಿ ಇರುವುದೇನು, ಅದು ಹೃದಯವನ್ನು ಕಾಯುತ್ತದೆ ಎನ್ನುವುದಕ್ಕೆ ಆಧಾರವೇನು, ಶಾಕಾಹಾರಿಗಳಾದ ನಾವು ಅದರಿಂದ ತೆಗೆದುಕೊಳ್ಳಬಹುದಾದದ್ದು ಏನು ಎಂಬುದನ್ನು ಇಲ್ಲಿ ನೋಡೋಣ.

ಈ ವಿಚಾರಕ್ಕೆ ನಾವು ಇಷ್ಟು ಮಹತ್ವ ಕೊಡಲು ಕಾರಣವಿದೆ. 52 ದೇಶಗಳಲ್ಲಿ ನಡೆದ 'ಇಂಟರ್‌ಹಾರ್ಟ್' ಎಂಬ ಅಧ್ಯಯನದಲ್ಲಿ, ಮೊದಲ ಹೃದಯಾಘಾತ ಸಂಭವಿಸಿದಾಗಿನ ಸರಾಸರಿ ವಯಸ್ಸು ಭಾರತವೂ ಸೇರಿದ ದಕ್ಷಿಣ ಏಷ್ಯಾದಲ್ಲಿ 53 ವರ್ಷ ಮತ್ತು ಉಳಿದ ದೇಶಗಳಲ್ಲಿ ಸುಮಾರು 59 ವರ್ಷ ಎಂದು ಕಂಡುಬಂದಿತು. ಐವತ್ತಮೂರೆಂದರೆ ಮಗಳ ಮದುವೆ, ಮಗನ ಓದು, ಹೊಲಮನೆಯ ಸಾಲ ಎಲ್ಲವೂ ತಲೆಯ ಮೇಲಿರುವ ವಯಸ್ಸು.

ಮೆಡಿಟರೇನಿಯನ್ ಎಂಬುದು ಯುರೋಪಿನ ದಕ್ಷಿಣಕ್ಕೂ ಆಫ್ರಿಕದ ಉತ್ತರಕ್ಕೂ ನಡುವೆ ಇರುವ ಸಮುದ್ರ. ಅದರಲ್ಲಿರುವ ಕ್ರೀಟ್ ಎಂಬ ದ್ವೀಪ ಗ್ರೀಸ್ ದೇಶಕ್ಕೆ ಸೇರಿದ್ದು. ಎರಡನೆಯ ಮಹಾಯುದ್ಧದಲ್ಲಿ ಜರ್ಜರಿತವಾಗಿದ್ದ ಈ ದ್ವೀಪದ ಜನಜೀವನವನ್ನು 1948ರಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವು ಸಮೀಕ್ಷೆ ಮಾಡಿಸಿತು. ಅಲ್ಲಿಯ ರೈತರ ತಟ್ಟೆಯಲ್ಲಿ ಇದ್ದುದು ಒರಟು ಹಿಟ್ಟಿನ ರೊಟ್ಟಿ, ಕಾಳುಗಳು, ಗುಡ್ಡದಲ್ಲಿ ತಾನಾಗಿ ಬೆಳೆದ ಸೊಪ್ಪುಗಳು, ಹಣ್ಣು, ಆಲಿವ್ ಕಾಯಿ ಮತ್ತು ಅದರ ಎಣ್ಣೆ. ಹಾಲು, ಮೀನು, ಮಾಂಸಗಳು ಅಪರೂಪಕ್ಕೆ ಸ್ವಲ್ಪ. ಇಂದು ದೊಡ್ಡ ಹೋಟೆಲುಗಳಲ್ಲಿ ಸಾವಿರಾರು ರೂಪಾಯಿಗೆ ಬಡಿಸಲ್ಪಡುವ 'ಮೆಡಿಟರೇನಿಯನ್ ಊಟ'ದ ಮೂಲ ಹೀಗೆ ಬಡವರ ಮನೆಯ ಊಟ. ಆ ರೈತರೇ ತಮಗೆ ಮಾಂಸ ಸಾಲದೆಂದು ಕೊರಗುತ್ತಿದ್ದರು!

ಈ ಊಟಕ್ಕೂ ಹೃದಯಕ್ಕೂ ಇರುವ ಸಂಬಂಧವನ್ನು ಜಗತ್ತಿನ ಗಮನಕ್ಕೆ ತಂದವರು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್. 1958ರಲ್ಲಿ ಅವರು ಅಮೆರಿಕ, ಫಿನ್‌ಲ್ಯಾಂಡ್, ನೆದರ್‌ಲ್ಯಾಂಡ್ಸ್, ಇಟಲಿ, ಯುಗೋಸ್ಲಾವಿಯ, ಗ್ರೀಸ್, ಜಪಾನ್ ಈ ಏಳು ದೇಶಗಳಲ್ಲಿ 40ರಿಂದ 59 ವರ್ಷ ವಯಸ್ಸಿನ ಹನ್ನೆರಡು ಸಾವಿರಕ್ಕೂ ಹೆಚ್ಚು ಪುರುಷರನ್ನು ಅಧ್ಯಯನಕ್ಕೆ ಒಳಪಡಿಸಲಾರಂಭಿಸಿದರು. ವರ್ಷಗಳು ಕಳೆದಂತೆ ಹೃದ್ರೋಗದ ಸಾವುಗಳು ಫಿನ್‌ಲ್ಯಾಂಡಿನ ಪೂರ್ವಭಾಗದಲ್ಲಿ ಅತಿ ಹೆಚ್ಚಾಗಿಯೂ ಕ್ರೀಟಿನಲ್ಲಿ ಅತಿ ಕಡಿಮೆಯಾಗಿಯೂ ಕಂಡವು. ಆಶ್ಚರ್ಯದ ಸಂಗತಿಯೆಂದರೆ, ಕ್ರೀಟಿನವರು ಕೊಬ್ಬನ್ನು ಕಡಿಮೆ ತಿನ್ನುವವರಾಗಿರಲಿಲ್ಲ. ಅವರ ಆಹಾರದ ಶಕ್ತಿಯಲ್ಲಿ ಹತ್ತಿರ ಹತ್ತಿರ ಶೇಕಡಾ 40ರಷ್ಟು ಕೊಬ್ಬಿನಿಂದಲೇ ಬರುತ್ತಿತ್ತು. ಫಿನ್‌ಲ್ಯಾಂಡಿನವರದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಫಿನ್‌ಲ್ಯಾಂಡಿನವರ ಕೊಬ್ಬಿನ ಬಹುಪಾಲು ಬೆಣ್ಣೆ, ಕೆನೆಹಾಲು, ಮಾಂಸಗಳದ್ದು, ಅಂದರೆ ತಣ್ಣಗಾದರೆ ಹೆಪ್ಪುಗಟ್ಟುವ ಸಂತೃಪ್ತ ಕೊಬ್ಬು. ಕ್ರೀಟಿನವರದು ದ್ರವರೂಪದಲ್ಲಿಯೇ ಉಳಿಯುವ ಆಲಿವ್ ಎಣ್ಣೆ. ಎಷ್ಟು ಕೊಬ್ಬು ಎಂಬುದಕ್ಕಿಂತ ಎಂತಹ ಕೊಬ್ಬು ಎಂಬುದು ಮುಖ್ಯವೆಂಬ ತಿಳಿವಳಿಕೆ ಇಲ್ಲಿಂದ ಬಲವಾಯಿತು. ಕೀಸ್ ಅವರು ಇಟಲಿಯ ದಕ್ಷಿಣದ ಪಿಯೊಪ್ಪಿ ಎಂಬ ಹಳ್ಳಿಯಲ್ಲಿ ಮನೆ ಮಾಡಿ ದೀರ್ಘಕಾಲ ಅದೇ ಊಟ ಉಂಡರು; 2004ರಲ್ಲಿ ತೀರಿಕೊಂಡಾಗ ಅವರಿಗೆ ನೂರು ವರ್ಷ ತುಂಬಿತ್ತು. ಒಬ್ಬರ ಆಯುಸ್ಸು ಪ್ರಮಾಣವಾಗದು, ಆದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಕೀಸ್ ಅವರ ಅಧ್ಯಯನವನ್ನು ಆಕ್ಷೇಪಿಸಿದವರು ಉಂಟು. ಅದರಲ್ಲಿ ಸ್ತ್ರೀಯರಿರಲಿಲ್ಲ. ಕ್ರೀಟಿನ ಊಟವನ್ನು ಅಳೆದ ಸಂದರ್ಭಗಳಲ್ಲೊಂದು ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲವಾಗಿತ್ತು. ಅಲ್ಲಿಯ ಸಂಪ್ರದಾಯಸ್ಥ ಕ್ರೈಸ್ತರು ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲುಗಳನ್ನು ಬಿಡುತ್ತಾರೆ. ಜೊತೆಗೆ ಆ ರೈತರು ಬೆಳಗಿನಿಂದ ಸಂಜೆಯವರೆಗೆ ಗುಡ್ಡ ಹತ್ತಿ ಇಳಿದು ದುಡಿಯುವವರು. ಅವರ ಹೃದಯ ಗಟ್ಟಿಯಾಗಿದ್ದುದು ಊಟದಿಂದಲೋ ದುಡಿಮೆಯಿಂದಲೋ ಎಂದು ಬರಿಯ ಅವಲೋಕನದಿಂದ ನಿರ್ಧರಿಸಲಾಗದು. ಅದಕ್ಕೆ ಪರೀಕ್ಷೆಯೇ ಬೇಕು. ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಈ ಊಟವನ್ನೂ ಇನ್ನೊಂದಕ್ಕೆ ರೂಢಿಯ ಸಲಹೆಯನ್ನೂ ಕೊಟ್ಟು ನೋಡಬೇಕು.

ಅಂತಹ ಪರೀಕ್ಷೆ ಫ್ರಾನ್ಸಿನ ಲಿಯೋನ್ ನಗರದಲ್ಲಿ ನಡೆಯಿತು. ಒಮ್ಮೆ ಹೃದಯಾಘಾತವಾಗಿ ಬದುಕುಳಿದಿದ್ದ 605 ಮಂದಿ ಅದರಲ್ಲಿದ್ದರು. ಒಂದು ಗುಂಪಿನವರಿಗೆ ರೊಟ್ಟಿ, ಕಾಳು, ಸೊಪ್ಪು ತರಕಾರಿಗಳನ್ನು ಹೆಚ್ಚಿಸಲು, ಹಣ್ಣಿಲ್ಲದ ದಿನವೇ ಇರದಂತೆ ನೋಡಿಕೊಳ್ಳಲು, ಮಾಂಸವನ್ನು ಇಳಿಸಲು, ಬೆಣ್ಣೆ ಕೆನೆಗಳನ್ನು ಬಿಡಲು ಹೇಳಲಾಯಿತು. ಸುಮಾರು ನಾಲ್ಕು ವರ್ಷಗಳ ನಂತರ ನೋಡಿದಾಗ ಈ ಗುಂಪಿನಲ್ಲಿ ಮರುಆಘಾತಗಳೂ ಹೃದ್ರೋಗದ ಸಾವುಗಳೂ ಅರ್ಧಕ್ಕಿಂತ ಹೆಚ್ಚಾಗಿ ತಗ್ಗಿದ್ದವು. ಎರಡೂ ಗುಂಪುಗಳ ಕೊಲೆಸ್ಟರಾಲ್ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿತ್ತು. ರಕ್ತಪರೀಕ್ಷೆಯ ಚೀಟಿಯಲ್ಲಿ ಅಂಕಿ ಬದಲಾಗಲಿಲ್ಲವೆಂದು ಪಥ್ಯವನ್ನೇ ಕೈಬಿಡುವವರು ಈ ಮಾತನ್ನು ಗಮನಿಸಬೇಕು.

ಆ ಪರೀಕ್ಷೆಯ ಇನ್ನೊಂದು ಸಂಗತಿ ನಮಗೆ ಬಹಳ ಮುಖ್ಯ. ಆ ಫ್ರೆಂಚ್ ರೋಗಿಗಳಿಗೆ ಆಲಿವ್ ಎಣ್ಣೆಯೊಂದನ್ನೇ ಬಳಸುವುದು ಒಗ್ಗಲಿಲ್ಲ. ಆದ್ದರಿಂದ ವೈದ್ಯರು ಸಾಸಿವೆಯ ಜಾತಿಗೆ ಸೇರಿದ ರೇಪ್ ಬೀಜದ ಎಣ್ಣೆಯಿಂದ ವಿಶೇಷವಾಗಿ ತಯಾರಿಸಿದ ಬೆಣ್ಣೆಯಂತಹ ಪದಾರ್ಥವನ್ನು ಕೊಟ್ಟರು. ಅದರಲ್ಲಿ ಆಲ್ಫಾ ಲಿನೊಲೆನಿಕ್ ಆಮ್ಲ ಎಂಬ ಒಮೇಗಾ-3 ಕೊಬ್ಬು ಸಮೃದ್ಧವಾಗಿತ್ತು. ಅದೇ ಕೊಬ್ಬು ನಮ್ಮ ಉತ್ತರ ಕರ್ನಾಟಕದ ಮನೆಗಳ ಅಗಸಿ ಚಟ್ನಿಪುಡಿಯಲ್ಲಿದೆ. ಸಸ್ಯಮೂಲದ ಆಹಾರಗಳಲ್ಲಿ ಅಗಸಿಯಷ್ಟು ಒಮೇಗಾ-3 ಉಳ್ಳವು ಬಹಳ ಕಡಿಮೆ.

ಸ್ಪೇನಿನಲ್ಲಿ ನಡೆದ 'ಪ್ರೆಡಿಮೆಡ್' ಪರೀಕ್ಷೆ ಇನ್ನೂ ದೊಡ್ಡದು. ಹೃದ್ರೋಗ ಬರುವ ಸಂಭವ ಹೆಚ್ಚಾಗಿದ್ದ 7447 ಮಂದಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪಿನ ಪ್ರತಿ ಕುಟುಂಬಕ್ಕೆ ವಾರಕ್ಕೆ ಒಂದು ಲೀಟರ್ ಉತ್ತಮ ಆಲಿವ್ ಎಣ್ಣೆಯನ್ನೂ, ಇನ್ನೊಂದು ಗುಂಪಿನವರಿಗೆ ದಿನಕ್ಕೆ 30 ಗ್ರಾಂನಷ್ಟು ಅಕ್ರೋಟು, ಬಾದಾಮಿ, ಹೇಝಲ್ ಬೀಜಗಳನ್ನೂ ಉಚಿತವಾಗಿ ಕೊಡಲಾಯಿತು. ಮೂರನೆಯ ಗುಂಪಿಗೆ ಕೊಬ್ಬನ್ನು ಕಡಿಮೆ ಮಾಡುವ ಸಲಹೆ. ಮೊದಲ ಎರಡು ಗುಂಪುಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಅವುಗಳಿಂದಾಗುವ ಸಾವು ಒಟ್ಟಾರೆ ಸುಮಾರು ಶೇಕಡಾ 30ರಷ್ಟು ಕಡಿಮೆಯಾದವು. ಪಾರ್ಶ್ವವಾಯು ತಗ್ಗಿದ್ದು ಎಲ್ಲಕ್ಕಿಂತ ಸ್ಪಷ್ಟ. 2013ರಲ್ಲಿ ಪ್ರಕಟವಾದ ಈ ವರದಿಯನ್ನು 2018ರಲ್ಲಿ ಸಂಶೋಧಕರೇ ಹಿಂತೆಗೆದುಕೊಳ್ಳಬೇಕಾಯಿತು. ಕೆಲವೆಡೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಚೀಟಿ ಎತ್ತದೆ, ಒಂದು ಮನೆಯವರಿಗೆ ಅಥವಾ ಒಂದು ಚಿಕಿತ್ಸಾಲಯದವರಿಗೆಲ್ಲ ಒಂದೇ ಊಟವನ್ನು ಗೊತ್ತುಪಡಿಸಿದ್ದು ಬಯಲಾಗಿತ್ತು. ಲೆಕ್ಕವನ್ನು ಹೊಸದಾಗಿ ಮಾಡಿ ಮತ್ತೆ ಪ್ರಕಟಿಸಿದಾಗಲೂ ಫಲಿತಾಂಶ ಬಹುತೇಕ ಹಿಂದಿನಂತೆಯೇ ಇತ್ತು. 2022ರಲ್ಲಿ ಅದೇ ದೇಶದ ಕಾರ್ಡೊಬಾ ನಗರದಿಂದ, ಆಗಲೇ ಹೃದ್ರೋಗವಿದ್ದ 1002 ಮಂದಿಯನ್ನು ಏಳು ವರ್ಷ ಗಮನಿಸಿದ ಇನ್ನೊಂದು ವರದಿ ಬಂದು ಈ ಊಟದ ಪಕ್ಷವನ್ನೇ ಎತ್ತಿಹಿಡಿಯಿತು.

ಇನ್ನು ಮೀನು ಮತ್ತು ಮದ್ಯದ ಮಾತು. ಮದ್ಯದಿಂದ ಹೃದಯಕ್ಕೆ ಒಳಿತೆಂಬ ಹಿಂದಿನ ನಂಬಿಕೆ ಈಗ ಬಹಳ ಸಡಿಲಗೊಂಡಿದೆ. ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸ್ಪಷ್ಟವಾಗಿ ಹೇಳಿತು. ಅದನ್ನು ಬಿಟ್ಟವರಿಗೆ ಯಾವ ನಷ್ಟವೂ ಇಲ್ಲ. ಮೀನಿನಲ್ಲಿರುವ ಒಮೇಗಾ-3 ನೇರವಾಗಿ ದೇಹಕ್ಕೆ ಒದಗುತ್ತದೆ. ಅಗಸಿ, ಅಕ್ರೋಟುಗಳಲ್ಲಿರುವುದು ದೇಹದೊಳಗೆ ಆ ರೂಪಕ್ಕೆ ಬದಲಾಗುವುದು ಸ್ವಲ್ಪ ಭಾಗ ಮಾತ್ರ. ಆದರೂ ಲಿಯೋನಿನ ಪರೀಕ್ಷೆಯಲ್ಲಿ ಸಸ್ಯಮೂಲದ ಒಮೇಗಾ-3ಕ್ಕೇ ಪ್ರಾಧಾನ್ಯವಿತ್ತೆಂಬುದನ್ನು ನೆನೆದರೆ ಶಾಕಾಹಾರಿಗಳು ನಿರಾಶರಾಗಬೇಕಿಲ್ಲ.

ಕ್ರೀಟಿನ ತಟ್ಟೆಯ ಪಕ್ಕದಲ್ಲಿ ನಮ್ಮ ಬಯಲುಸೀಮೆಯ ಹಳೆಯ ತಟ್ಟೆಯನ್ನು ಇಟ್ಟು ನೋಡಿದರೆ ಹೋಲಿಕೆ ಎದ್ದು ಕಾಣುತ್ತದೆ. ಹೊಟ್ಟು ತೆಗೆಯದ ಹಿಟ್ಟಿನಿಂದ, ಎಣ್ಣೆಯ ಹನಿಯೂ ಇಲ್ಲದೆ ಹಂಚಿನ ಮೇಲೆ ಬೇಯುವ ಜೋಳದ ರೊಟ್ಟಿ; ಹೆಸರುಕಾಳು, ಮಡಿಕೆಕಾಳು, ಅಲಸಂದೆಗಳ ಪಲ್ಯ; ಪುಂಡಿ, ರಾಜಗಿರಿ, ಮೆಂತ್ಯ, ಸಬ್ಬಸಿಗೆ ಸೊಪ್ಪುಗಳು; ರೊಟ್ಟಿಯೊಡನೆ ಹಸಿಯಾಗಿಯೇ ತಿನ್ನುವ ಹಕ್ಕರಿಕೆ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು; ಶೇಂಗಾ, ಗುರೆಳ್ಳು, ಅಗಸಿಗಳ ಪುಡಿ. ಹೊಲದ ಬದುವಿನಲ್ಲಿ ತಾನಾಗಿ ಹಬ್ಬುವ ಗೋಳಿ ಸೊಪ್ಪನ್ನು ನಮ್ಮ ಅಜ್ಜಿಯರು ಕಿತ್ತು ತಂದು ಪಲ್ಯ ಮಾಡುತ್ತಿದ್ದರು. ಕ್ರೀಟಿನವರೂ ಅದೇ ಸೊಪ್ಪನ್ನು ತಿನ್ನುತ್ತಾರೆ, ಮತ್ತು ಸೊಪ್ಪುಗಳ ಪೈಕಿ ಒಮೇಗಾ-3 ಹೆಚ್ಚಾಗಿ ಇರುವುದು ಅದರಲ್ಲಿ. ಈಗ ಅದಕ್ಕೆ ಕಳೆನಾಶಕ ಹೊಡೆಯುತ್ತೇವೆ.

ಹೋಲಿಕೆಯನ್ನು ಅತಿಯಾಗಿ ಹೊಗಳಿಕೊಳ್ಳುವುದೂ ಬೇಡ. ನಮ್ಮ ಹಳೆಯ ಊಟವನ್ನು ಯಾರೂ ಲಿಯೋನ್ ಅಥವಾ ಸ್ಪೇನಿನಂತೆ ಪರೀಕ್ಷಿಸಿಲ್ಲ. ಅದರಲ್ಲಿ ಹಣ್ಣು ಕಡಿಮೆ, ಉಪ್ಪು ಹೆಚ್ಚು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ದಿನಕ್ಕೆ ಒಂದು ಸಣ್ಣ ಚಮಚೆಗೆ, ಎಂದರೆ 5 ಗ್ರಾಂಗೆ ಮೀರಬಾರದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಒಂದೇ ಹೊತ್ತಿಗೆ ಮುಗಿದುಹೋಗುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಆ ತಟ್ಟೆಯೇ ಈಗ ಬಹುಪಾಲು ಮನೆಗಳಲ್ಲಿಲ್ಲ. ರೊಟ್ಟಿಯ ಜಾಗಕ್ಕೆ ಪಾಲಿಶ್ ಮಾಡಿದ ಅಕ್ಕಿಯ ಅನ್ನದ ರಾಶಿ, ಕಾಳುಪಲ್ಯದ ಜಾಗಕ್ಕೆ ತಿಳಿಸಾರು, ಸಂಜೆಗೆ ಮಿರ್ಚಿ ಬಜಿ, ಮೈದಾದ ಬಿಸ್ಕತ್ತು, ನಾಲ್ಕಾರು ಬಾರಿ ಸಕ್ಕರೆಯ ಚಹಾ. ಮಾಂಸ ಮುಟ್ಟದವರಿಗೂ ಹೃದಯಾಘಾತ ಏಕೆ ಆಗುತ್ತದೆ ಎಂದು ಕೇಳುವವರಿಗೆ ಉತ್ತರದ ಬಹುಭಾಗ ಇಲ್ಲಿಯೇ ಇದೆ. ಮೆಡಿಟರೇನಿಯನ್ ನಾಡುಗಳ ಗತಿಯೂ ಭಿನ್ನವಾಗಿಲ್ಲ. ಮಕ್ಕಳ ಬೊಜ್ಜು ಅತಿ ಹೆಚ್ಚಾಗಿರುವ ಯುರೋಪಿನ ದೇಶಗಳಲ್ಲಿ ಗ್ರೀಸ್ ಈಗ ಒಂದು. ಜಾತ್ರೆಯಲ್ಲಿ ಉಂಡ ಗೋಧಿ ಹುಗ್ಗಿ ಮತ್ತು ಅದರ ಮೇಲಿನ ತುಪ್ಪ ವರ್ಷಕ್ಕೊಮ್ಮೆಯದು. ಕೆಡಿಸುವುದು ನಿತ್ಯದ ತಟ್ಟೆ.

ಎಣ್ಣೆಯ ವಿಷಯದಲ್ಲಿ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಸ್ಪೇನಿನಲ್ಲಿ ಪರೀಕ್ಷೆಗೊಳಗಾದದ್ದು ಹಣ್ಣನ್ನು ಅರೆದು ಹಿಂಡಿದ, ಸಂಸ್ಕರಿಸದ 'ಎಕ್ಸ್‌ಟ್ರಾ ವರ್ಜಿನ್' ಎಣ್ಣೆ. ನಮ್ಮ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ 'ಪೊಮೆಸ್' ಎಂಬುದು ಹಿಂಡಿ ಉಳಿದ ಚರಟದಿಂದ ತೆಗೆದು ಸಂಸ್ಕರಿಸಿದ್ದು. ಎರಡೂ ಒಂದೇ ಅಲ್ಲ. ಕೊಳ್ಳುವ ಶಕ್ತಿಯುಳ್ಳವರು ಮೊದಲನೆಯದನ್ನು ಕೊಂಡು ಕೋಸಂಬರಿಗೂ ಒಗ್ಗರಣೆಗೂ ಬಳಸಬಹುದು. ಉಳಿದವರು ಸಾಲ ಮಾಡಿ ಅದನ್ನು ತರಬೇಕಿಲ್ಲ. ಶೇಂಗಾ ಎಣ್ಣೆಯಲ್ಲಿ ಆಲಿವ್ ಎಣ್ಣೆಯ ಮುಖ್ಯ ಕೊಬ್ಬೇ ಸಾಕಷ್ಟಿದೆ. ಕುಸುಬೆ ಎಣ್ಣೆಯಲ್ಲಿ ಸಂತೃಪ್ತ ಕೊಬ್ಬು ಬಹಳ ಕಡಿಮೆ. ಬಿಡಬೇಕಾದದ್ದು ವನಸ್ಪತಿ, ಇಳಿಸಬೇಕಾದದ್ದು ಅರ್ಧದಷ್ಟು ಸಂತೃಪ್ತ ಕೊಬ್ಬೇ ಆಗಿರುವ ತಾಳೆ ಎಣ್ಣೆ ಮತ್ತು ಒಮ್ಮೆ ಕರಿದುದನ್ನು ಮತ್ತೆ ಮತ್ತೆ ಕಾಯಿಸುವ ರೂಢಿ. ತುಪ್ಪದಲ್ಲಿಯೂ ಸಂತೃಪ್ತ ಕೊಬ್ಬೇ ಹೆಚ್ಚು. ಹೃದಯಾಘಾತ ಆದವರು ಅದನ್ನು ನಿತ್ಯದ ಊಟದಿಂದ ಹಬ್ಬದೂಟಕ್ಕೆ ಸರಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಯಾವ ಎಣ್ಣೆಯೇ ಆಗಲಿ, ಅನ್ನ ಸಕ್ಕರೆಗಳನ್ನು ಇಳಿಸದೆ ಮೇಲೆ ಸುರಿದುಕೊಂಡರೆ ತೂಕವಷ್ಟೇ ಏರುತ್ತದೆ. ಬದನೆಕಾಯಿ ಎಣ್ಣೆಗಾಯಿಯ ಮೇಲೆ ಬೆರಳಗಲ ಎಣ್ಣೆ ತೇಲಬೇಕೆಂಬ ಹಟವನ್ನು ಗೃಹಿಣಿಯರು, ಅದಕ್ಕಿಂತ ಮೊದಲು ಉಣ್ಣುವ ಗಂಡಸರು ಬಿಡಬೇಕು.

ಬೀಜಗಳಿಗೆ ದಿನಕ್ಕೆ ಒಂದು ಹಿಡಿ ಸಾಕು. ಅಕ್ರೋಟು, ಬಾದಾಮಿಗಳು ದುಬಾರಿಯಾದವರಿಗೆ ಹುರಿದ, ಉಪ್ಪು ಹಾಕದ ಶೇಂಗಾ ಇದೆ. ಸ್ಪೇನಿನ ಪರೀಕ್ಷೆಯಲ್ಲಿ ಅದು ಇರಲಿಲ್ಲವಾದರೂ, ಶೇಂಗಾ ತಿನ್ನುವವರಲ್ಲಿ ಹೃದ್ರೋಗ ಕಡಿಮೆಯೆಂದು ಬೇರೆ ದೊಡ್ಡ ಅವಲೋಕನಗಳು ತೋರಿಸಿವೆ. ಅಗಸಿಯನ್ನು ಇಡಿಯಾಗಿ ನುಂಗಿದರೆ ಬಹುಪಾಲು ಜೀರ್ಣವಾಗದೆ ಹೊರಹೋಗುತ್ತದೆ. ಹದವಾಗಿ ಹುರಿದು ಪುಡಿಮಾಡಿಯೇ ತಿನ್ನಬೇಕು. ಪುಡಿ ಬೇಗ ಕಮಟುವುದರಿಂದ ವಾರಕ್ಕಾಗುವಷ್ಟನ್ನೇ ಮಾಡಿ ಮುಚ್ಚಿಡುವುದು ಲೇಸು.

ಲಿಯೋನ್ ಮತ್ತು ಸ್ಪೇನಿನ ರೋಗಿಗಳು ಈ ಊಟದೊಂದಿಗೆ ವೈದ್ಯರು ಬರೆದ ಔಷಧಿಗಳನ್ನೂ ಸೇವಿಸುತ್ತಿದ್ದರು. ಊಟ ಬದಲಾಯಿಸಿದೆವೆಂದು ಗುಳಿಗೆಗಳನ್ನು ತಾವಾಗಿಯೇ ನಿಲ್ಲಿಸುವುದು ಪ್ರಾಣಕ್ಕೆ ಅಪಾಯ. ಹೃದಯದ ಕವಾಟ ಬದಲಾಯಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿಟ್ರೋಮ್ ಗುಳಿಗೆ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು. ಸೊಪ್ಪಿನಲ್ಲಿರುವ ಕೆ ಜೀವಸತ್ವವು ಆ ಔಷಧಿಯ ಬಲವನ್ನು ತಗ್ಗಿಸುತ್ತದೆ. ದಿನವೂ ಒಂದೇ ಪ್ರಮಾಣದಲ್ಲಿ ತಿನ್ನುತ್ತ, ಬದಲಾವಣೆಯನ್ನು ವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಮೂತ್ರಪಿಂಡದ ತೊಂದರೆಯುಳ್ಳವರಿಗೆ ಕಾಳು, ಹಣ್ಣು, ಸೊಪ್ಪುಗಳ ಪೊಟ್ಯಾಶಿಯಂ ಹೊರೆಯಾಗಬಹುದು. ಅವರು ಕೇಳಿಯೇ ಆರಂಭಿಸಬೇಕು.